ಭವನದ ಮೂರನೆಯ ನಿಯಮ

೧೪.೭.೨೦೦೫, ಗುರುವಾರ

ಬೆಳಗಿನ ಹರಿಗೋಲು ತಪ್ಪಿತು. ಎರಡನೆಯದರಲ್ಲಿ ದಾಟಿ, ಬಸ್ ಹಿಡಿದು ಬೇಲೂರು ಮುಟ್ಟುವಾಗ ಹನ್ನೊಂದು. ತಾಲ್ಲೂಕು ಆಫೀಸಿನಲ್ಲಿ ಆದೇಶದ ಪ್ರತಿ ಕೈಗೆ ಬಂತು. ಸಮುದಾಯ ಭವನ ಇನ್ನು ಊರ ಯಜಮಾನ ದೇವೀರಪ್ಪನ ತೆಂಗಿನಕಾಯಿ ಗೋದಾಮು ಅಲ್ಲ. ಬೀಗದ ಕೈ ಸಮಿತಿಗೆ. ಅಧ್ಯಕ್ಷ ನಮ್ಮಪ್ಪ ಗಂಗಯ್ಯ.

ಹಿನ್ನೀರು ನಮ್ಮನ್ನು ದ್ವೀಪ ಮಾಡಿ ನಾಲ್ಕು ವರ್ಷ. ನೀರಿಗೆ ಊರು, ಕೇರಿ ಎರಡೂ ಒಂದೇ. ದೇವೀರಪ್ಪನಿಗಲ್ಲ. ಅಕ್ಕನ ಮದುವೆಗೆ ಅಪ್ಪ ಭವನ ಕೇಳಲು ಹೋದಾಗ ಜಗಲಿಯಿಂದ ಇಳಿಯದೆ ಹೇಳಿದ್ದ — "ಅದು ಊರಿನೋರಿಗೆ ಕಣೋ ಗಂಗ. ನೀವು ಕೇರಿಯೋರು."

ಮದುವೆ ನಮ್ಮ ಮನೆ ಮುಂದಿನ ಚಪ್ಪರದಲ್ಲಾಯಿತು. ನಾನು ಅರ್ಜಿ ಬರೆಯಲು ಕೂತದ್ದು ಆಗ.

೧೭.೭, ಭಾನುವಾರ

ನಿಯಮಾವಳಿ ಮುಗಿಸಿದೆ. ಮೂರನೆಯದೇ ಜೀವ: "ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿ ಮನೆಗೂ ಸಮಾನ ಹಕ್ಕು. ಪಟ್ಟಿಯಲ್ಲಿಲ್ಲದವರಿಗೆ ಇಲ್ಲ." ದೇವೀರಪ್ಪ ಅರಸೀಕೆರೆಯ ಕಾಯಿ ವ್ಯಾಪಾರಿಗಳಿಗೆ ಭವನ ಬಿಟ್ಟುಕೊಡುತ್ತಿದ್ದನಲ್ಲ... ಅದನ್ನು ತಡೆಯಲು ಎರಡನೆಯ ವಾಕ್ಯ. ಇನ್ನು ಊರಿನವರು ಯಾರು ಅಂತ ಅವನು ಹೇಳುವಂತಿಲ್ಲ. ಪಟ್ಟಿಗೆ ಜಾತಿಯಿಲ್ಲ. ಅದರಲ್ಲಿ ಅವನ ಹೆಸರಿಗಿಂತ ಮೇಲೆ ನಮ್ಮ ಕೇರಿಯ ಮುದ್ದಮ್ಮಜ್ಜಿ ಇದ್ದಾಳೆ.

ಅಪ್ಪ ಮೂರು ಸಲ ಓದಿಸಿಕೊಂಡ. "ವಕೀಲ್ರು ಬರ್ದಂಗೈತೆ ಕಣವ್ವ."

ಅವ್ವ — "ಮೊದ್ಲು ಒಳಗಿನ ಕಸ ಗುಡಿಸ್ರಪ್ಪ. ನಿಯಮ ಆಮ್ಯಾಕೆ ಓದ್ಕಳಿ."

೮.೮, ಸೋಮವಾರ, ಮಧ್ಯಾಹ್ನ

ನೀರು ಏರಿದೆ. ದಡದಲ್ಲಿದ್ದ ಮೀನುಗಾರರ ಮೂರೂ ಟಾರ್ಪಾಲ್ ಗುಡಿಸಲು ಹೋದವು. ಹದಿನಾಲ್ಕು ಜನ. ಕಬಿನಿ ಕಡೆಯಿಂದ ಬಂದು ಎರಡು ವರ್ಷ. ಅವರಲ್ಲಿ ಹಿರಿಯನಾದ ತಮ್ಮಯ್ಯನ ಸೊಸೆಗೆ ಹನ್ನೊಂದು ದಿನದ ಮಗು. ನೀರಿಳಿಯುವವರೆಗೆ ಭವನದಲ್ಲಿರಬಹುದೇ ಎಂದು ತಮ್ಮಯ್ಯ ಕೇಳಿದ. ಕೇಳುವುದೇನಿದೆ, ಬನ್ನಿ ಎಂದು ನಾನೇ ಕರೆತಂದೆ.

ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. "ಪಟ್ಟೀಲಿ ಹೆಸ್ರೈತಾ ತಮ್ಮಯ್ಯ?"

ತಮಾಷೆ ಅಂದುಕೊಂಡೆ.

"ನಮ್ದು ನಮ್ಮೂರ್ ಕಡೆ ಐತೆ ಸಾಮಿ."

"ಹಂಗಾದ್ರೆ ಆಗಾಕಿಲ್ಲ. ಮೂರ್ನೇ ನಿಯಮ."

"ಅಪ್ಪ, ಅದನ್ನ ಬರ್ದಿದ್ದು ನಾನು. ಇವರಿಗೆ ಅಂತ ಬರ್ದಿದ್ದಲ್ಲ."

"ಬರ್ದಾಯ್ತಲ್ಲ. ಇವತ್ತು ನಾನೇ ಮುರುದ್ರೆ ನಾಳೆ ದೇವೀರಪ್ಪ ಬೀಗದ ಕೈ ವಾಪಸ್ ಇಸ್ಕಂತಾನೆ. ಕೇರಿಯೋರ ಕೈಗೆ ಕೊಟ್ರೆ ಹಿಂಗೇ ಅಂತಾನೆ."

"ಎಳೆ ಮಗು ಇದೆ."

"ಮಗೀನ ನಮ್ಮನೇಗೆ ಕರ್ಕಂಡೋಗು, ಬ್ಯಾಡ ಅನ್ನಲ್ಲ. ಭವನ ಬ್ಯಾಡ. ಅವರು ಊರಿನೋರಲ್ಲ."

ಊರಿನೋರಲ್ಲ. ನಮ್ಮಪ್ಪನ ಬಾಯಲ್ಲಿ. ವಾಕ್ಯ ಮಾತ್ರ ನನ್ನದು.

ಅದೇ ದಿನ, ಸಂಜೆ ಐದು

ಬಾಣಂತಿ, ಮಗು, ತಮ್ಮಯ್ಯನ ಹೆಂಡತಿ ರುದ್ರಮ್ಮ ನಮ್ಮ ಮನೆಯಲ್ಲಿ. ಅವ್ವ ಯಾರನ್ನೂ ಕೇಳದೆ ಒಲೆಯ ಪಕ್ಕ ಚಾಪೆ ಹಾಸಿದಳು. ಉಳಿದ ಹನ್ನೊಂದು ಜನ ಭವನದ ಹಿಂಗೋಡೆಗೆ ಒರಗಿ, ಒದ್ದೆ ಬಟ್ಟೆಯಲ್ಲಿ.

ಮುಂದಿನ ಮೆಟ್ಟಿಲ ಮೇಲೆ ಅಪ್ಪ, ದೇವೀರಪ್ಪ. ಪಕ್ಕಪಕ್ಕ. ದೇವೀರಪ್ಪನ ಮನೆಯಿಂದ ಕಾಫಿ ಬಂದಿತ್ತು. ಒಂದೇ ತಟ್ಟೆಯಲ್ಲಿ ಎರಡು ಸ್ಟೀಲ್ ಲೋಟ. ಒಂದೇ ಥರದವು.

"ಕಾನೂನು ಅಂದ್ರೆ ಹಿಂಗಿರ್ಬೇಕು ನೋಡಿ ಗಂಗಯ್ಯ."

ಗಂಗ ಅಲ್ಲ, ಗಂಗಯ್ಯ. ನೋಡಿ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ.

ಅಪ್ಪ ನಕ್ಕ. ಅಷ್ಟು ಸಂತೋಷದ ಮುಖ ಅಕ್ಕನ ಮದುವೆಯಲ್ಲೂ ನೋಡಿರಲಿಲ್ಲ. ನಾನು ಓದಿದ ಯಾವ ಹೋರಾಟದ ಕರಪತ್ರದಲ್ಲೂ ಇದಿರಲಿಲ್ಲ.

೯.೮, ಮಂಗಳವಾರ

ಸಮಿತಿ ಕೂತಿತು. ಎರಡನೆಯ ವಾಕ್ಯ ತೆಗೆಯೋಣ ಎಂದೆ. ಐವರಲ್ಲಿ ಎದ್ದದ್ದು ನನ್ನ ಕೈ ಒಂದೇ. ಮುದ್ದಮ್ಮಜ್ಜಿ ಕೂಡ — "ಬಂದೋರ್ನೆಲ್ಲ ಬಿಟ್ಕಂಡ್ರೆ ನಮ್ಗೇನುಳೀತದೆ ಕಣವ್ವ? ಈಗ್ತಾನೆ ಸಿಕ್ಕೈತೆ."

ಮನೆಗೆ ಬಂದಾಗ ರುದ್ರಮ್ಮ ಕೈ ಹಿಡಿದುಕೊಂಡಳು. "ನಮ್ಮಿಂದ ಅಪ್ಪ ಮಗ್ಳು ಮಾತು ಬಿಡ್ಬ್ಯಾಡ್ರವ್ವ. ನಾವು ಇನ್ನೊಂದ್ ದಡ ನೋಡ್ಕಂತೀವಿ."

ಭವನದ ಗೋಡೆಯ ಹಿಂದೆ ತಮ್ಮಯ್ಯನಿಗೆ ಜ್ವರ.

೧೦.೮, ಬುಧವಾರ, ಬೆಳಿಗ್ಗೆ ಏಳು

ಎಂಟರ ಹರಿಗೋಲಿಗೆ ಹೊರಡಬೇಕು. ಅರ್ಜಿಯ ಕರಡು ಇಲ್ಲೇ ಬರೆಯುತ್ತಿದ್ದೇನೆ. ಮಾನ್ಯ ತಹಶೀಲ್ದಾರರಿಗೆ. ವಿಷಯ: ಸಮುದಾಯ ಭವನದಲ್ಲಿ ಆಶ್ರಯ ನಿರಾಕರಣೆ.

ಅಪ್ಪ ಮುಖ ಒರೆಸಿಕೊಳ್ಳುತ್ತಾ ಬಂದು ನಿಂತ. "ಏನ್ ಬರೀತಿದೀಯವ್ವ?"

"ದೂರು."

"ಯಾರ್ ಮ್ಯಾಲೆ? ದೇವೀರಪ್ಪನ ಮ್ಯಾಲಾ?"

ಇನ್ನೂ ಇಲ್ಲೇ ನಿಂತಿದ್ದಾನೆ. ಪೆನ್ನಿನ ತುದಿಯನ್ನೇ ನೋಡುತ್ತಿದ್ದಾನೆ.

ಅರ್ಜಿದಾರರು: ಇಂದು, ತಂದೆ ಗಂಗಯ್ಯ.

ಎದುರುದಾರರು: