ಗಂಜಿ ಹೊತ್ತು ಬಂದವರು

ಗದಗ, ಫೆಬ್ರವರಿ ಮೂವತ್ತು, ಇಸವಿ ೨೩೧೧

ನಮಗಿಂತ ಎಷ್ಟೋ ತಲೆಮಾರು ಹಿಂದಿರುವ ಹಿರಿಯರಿಗೆ ಶಾಂತವೀರ ಬಳಿಗಾರನ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೆಯ ದಿನ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ನಮ್ಮವರು ಪಂಚಾಂಗವನ್ನೂ ಸರಿಪಡಿಸಿದ್ದಾರೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಹಿಂದಿನ ಕಾಲಕ್ಕೆ ಹೋಗುವ ಟಪಾಲನ್ನು ಯಾರೂ ಒಡೆದು ಓದುವುದಿಲ್ಲ ಎಂದು ಅಂಚೆಯವರು ಪ್ರಮಾಣ ಮಾಡುತ್ತಾರೆ. ಕೇಳದೆಯೇ ಪ್ರಮಾಣ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ನಮ್ಮಲ್ಲಿ ಮಾತಾಡಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ. ಜೈಲೇ ಇಲ್ಲ, ಆ ಕಟ್ಟಡದಲ್ಲಿ ಈಗ ಅಣಬೆ ಬೆಳೆಯುತ್ತಾರೆ. ಊರಿಗೆ ಹಿಡಿಸದ ಮಾತು ಆಡಿದವರ ಮನೆಗೆ ‘ಆರಾಮ ಭೇಟಿ’ ಬರುತ್ತದೆ. ಅಂದರೆ ಓಣಿಯವರು ಸಂಜೆ ಒಂದು ಗಡಿಗೆ ಗಂಜಿ ಹೊತ್ತು ಬಂದು ಕಾಳಜಿಯಿಂದ ಆರೋಗ್ಯ ವಿಚಾರಿಸುತ್ತಾರೆ. ಆ ಗಂಜಿ ಕುಡಿದರೆ ತನಗೆ ಆರಾಮಿಲ್ಲವೆಂದು ಒಪ್ಪಿಕೊಂಡ ಹಾಗೆ. ಮರುದಿನದಿಂದ ‘ಬಿಡುವು’: ಕೆಲಸಕ್ಕೆ ಹೋಗುವಂತಿಲ್ಲ, ಸಭೆಯಲ್ಲಿ ಕೂರುವಂತಿಲ್ಲ, ಮನೆಯಲ್ಲಿದ್ದು ಸುಧಾರಿಸಿಕೊಳ್ಳಬೇಕು. ಸುಧಾರಿಸಿಕೊಂಡು ಹೊರಗೆ ಬಂದವರನ್ನು ನಾನಂತೂ ನೋಡಿಲ್ಲ. ಕುಡಿಯದಿದ್ದರೆ ಮರುದಿನ ಇನ್ನೂ ದೊಡ್ಡ ಗಡಿಗೆ, ಇನ್ನೂ ಹೆಚ್ಚು ಜನ. ಯಾರೂ ಗದರಿಸುವುದಿಲ್ಲ. ಬಂದವರ ಕಣ್ಣಲ್ಲಿ ನೀರೂ ಇರುತ್ತದೆ. ಆ ಕಣ್ಣೀರು ನಾಟಕವಲ್ಲ ಎಂಬುದಕ್ಕೇ ನನಗೆ ಹೆಚ್ಚು ಭಯ.

ನನ್ನ ಹೆಂಡತಿ ದಾನಮ್ಮ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. ಬಿಸಿಲು ತಾಳಲಾರದೆ ಇಡೀ ಊರಿನ ಮೇಲೆ ಚಪ್ಪರ ಹಾಕಬೇಕೆಂದು ಸಭೆಯಲ್ಲಿ ಮಾತು ಬಂದಾಗ ಎಲ್ಲರೂ ಕೈಯೆತ್ತಿದರು. ನಾನೂ ಎತ್ತಿದೆ, ಕಳೆದ ಬೇಸಿಗೆಯ ಬಿಸಿಲಿಗೆ ನನ್ನ ಅಣ್ಣ ತೀರಿಕೊಂಡಿದ್ದ. ದಾನಮ್ಮ ಒಬ್ಬಳೇ ಎದ್ದು ನಿಂತು ಬೇಡವೆಂದಳು. ಆಕಾಶವನ್ನೇ ಕಾಣದ ಮಕ್ಕಳಿಗೆ ತಾನು ಏನೆಂದು ಪಾಠ ಮಾಡಲಿ ಎಂದು ಕೇಳಿದಳು. ಅವಳು ಹೇಳಿದ್ದು ತಪ್ಪು ಎಂದೇ ನಾನು ಈಗಲೂ ಅನ್ನುತ್ತೇನೆ, ಮನೆಯಲ್ಲಿ ಅದಕ್ಕಾಗಿ ಜಗಳವನ್ನೂ ಆಡಿದ್ದೇನೆ. ಆದರೆ ತಪ್ಪು ಹೇಳಿದಳೆಂದು ಅವಳಿಂದ ಮಕ್ಕಳನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಆ ಮಕ್ಕಳೆಂದರೆ ಅವಳಿಗೆ ಜೀವ.

ಮರುದಿನ ಸಂಜೆ ಗಡಿಗೆ ಬಂತು. ಓಣಿಯ ಹಿರಿಯಾಕೆ ಗುರುಬಸವ್ವ ಮುಂದೆ, ಹಿಂದೆ ಅಕ್ಕಪಕ್ಕದವರೆಲ್ಲ. ದಾನಮ್ಮ ನಗುತ್ತ ಗಡಿಗೆ ಇಸಿದುಕೊಂಡಳು, ಚಾಪೆ ಹಾಸಿದಳು, ಬಟ್ಟಲುಗಳನ್ನಿಟ್ಟು ಬಂದವರಿಗೆಲ್ಲ ಬಡಿಸಿದಳು, ಜೊತೆಗೆ ಉಪ್ಪಿನಕಾಯಿಯನ್ನೂ ಹಾಕಿದಳು. ಮನೆಯಾಕೆ ಮುಂದಿಟ್ಟದ್ದನ್ನು ಬಿಟ್ಟು ಏಳುವುದು ನಮ್ಮ ಕಡೆ ನಿಮ್ಮ ಕಾಲದಲ್ಲೂ ಇರಲಿಲ್ಲ, ಈಗಲೂ ಇಲ್ಲ. ಮಾತಾಡುತ್ತ ಆಡುತ್ತ ಎಲ್ಲರೂ ಕುಡಿದರು. ಗುರುಬಸವ್ವ ಎರಡನೆಯ ಸಲ ಹಾಕಿಸಿಕೊಂಡಳು.

“ಎಲ್ಲಾರೂ ಕುಡದ್ರಿ, ನಾನೊಬ್ಬಾಕೀನ ಕುಡದಿಲ್ಲ,” ಎಂದಳು ದಾನಮ್ಮ. “ನಾಳಿಂದ ಬಿಡುವು ಯಾರ್ಯಾರಿಗ್ರಿ?”

ಎಲ್ಲರೂ ಬಟ್ಟಲು ಕೆಳಗಿಟ್ಟು ಎದ್ದರು. ಖಾಲಿ ಗಡಿಗೆ ಎತ್ತಿಕೊಂಡು ಹೊರಟರು. ಅವರು ಓಣಿ ದಾಟಿದ ಮೇಲೆ ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಗಬಾರದಿತ್ತು. ಗಡಿಗೆ ಮತ್ತೆ ಬರಲಿಲ್ಲ, ಪದ್ಧತಿಯೇ ಬದಲಾಯಿತು. ಈಗ ಅವರು ವಿಚಾರಿಸುವುದು ಮನೆಯವರನ್ನು. ದಿನಾ ಸಂಜೆ ಗುರುಬಸವ್ವ ಬರಿಗೈಯಲ್ಲಿ ಬಾಗಿಲಿಗೆ ಬಂದು ನನ್ನನ್ನು ಒಂದೇ ಮಾತು ಕೇಳುತ್ತಾಳೆ: “ದಾನವ್ವ ಆರಾಮ ಅದಾಳೇನಪಾ?” ಇಲ್ಲ ಎಂದು ನಾನು ಒಮ್ಮೆ ಹೇಳಿದರೆ ಸಾಕು, ದಾನಮ್ಮನಿಗೆ ಬಿಡುವು. ಹಾಗೆ ಹೇಳಿದರೆ ಚಪ್ಪರದ ಮೊದಲ ನೆರಳು ನಮ್ಮ ಮನೆಗೇ ಎಂದು ಗುರುಬಸವ್ವ ಆಸೆಯನ್ನೂ ತೋರಿಸಿದ್ದಾಳೆ. ನಾನು ಚಪ್ಪರದ ಪರ ಎಂಬುದು ಅವರಿಗೆ ಗೊತ್ತು. ದಾನಮ್ಮನಿಗೂ ಗೊತ್ತು.

ಇವತ್ತು ಬೆಳಿಗ್ಗೆ ನಾನು ಅವಳನ್ನು, ನಿದ್ದೆ ಬಂತೇ ಎಂದು ಕೇಳಿದೆ. ಗಂಡ ಹೆಂಡತಿಯನ್ನು ಕೇಳುವ ಮಾತು, ಅಷ್ಟೇ. ಅವಳು ಚಹಾದ ಬಟ್ಟಲು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಜನ ಎದುರಾಬದುರಾ ನಿಂತು ಬೈದಾಡುತ್ತಿದ್ದರಂತೆ. ಬೈಯಲಿ ಬಿಡಿ. ಹಿಡಿಸದ ಮಾತಾಡಿದವರ ಮೇಲೆ ಊರಿಗೆಲ್ಲ ಒಮ್ಮೆಲೇ ಮಮತೆ ಉಕ್ಕಿದರೆ ಮಾತ್ರ ಹುಷಾರಾಗಿರಿ, ಇದೊಂದು ನನ್ನ ವಿನಂತಿ.

ಬಾಗಿಲು ಬಡಿಯುತ್ತಿದ್ದಾರೆ. ಒಳಗೆ ಪಾತ್ರೆಯ ಸದ್ದು ನಿಂತಿದೆ, ದಾನಮ್ಮ ಕಿವಿಗೊಟ್ಟಿದ್ದಾಳೆ. ಅವಳು ಆರಾಮ ಇದ್ದಾಳೆ ಎಂದೇ ಹೇಳುತ್ತೇನೆ, ಅವಳಿಗೂ ಕೇಳುವಷ್ಟು ಜೋರಾಗಿ ಹೇಳುತ್ತೇನೆ. ನನ್ನನ್ನು ನಂಬಿದಳೋ ಇಲ್ಲವೋ, ಬಾಗಿಲು ಹಾಕಿಕೊಂಡು ಒಳಗೆ ಹೋದ ಮೇಲೆ ಗೊತ್ತಾಗಬೇಕು.