ದುರ್ಗಿಯ ಬಾವಿಗೆ ಹನ್ನೊಂದು ವರ್ಷ

ಜನವರಿ 12, ಬೆಳಿಗ್ಗೆ 7
ಮತ್ತೆ ಚಿತ್ತಾಕುಲ ಊರಿಗೆ ಬಂದೆ. ಈ ತಿಂಗಳ ಎರಡನೇ ಸ್ಯಾಂಪಲ್. ಹಿನ್ನೀರ ಬದಿಯ ಗಜನಿ ಗದ್ದೆಯ ಒಡ್ಡು ಒಡೆದು ಸಮುದ್ರದ ನೀರು ನುಗ್ಗಿ ಮೂರು ವರ್ಷ. ಒಡ್ಡು ಮತ್ತೆ ಕಟ್ಟಿಯೇ ಎರಡಾಯಿತು. ದುರ್ಗಿಯ ಬಾವಿ ಇನ್ನೂ ಉಪ್ಪು. ಹರಿವೆ ಬೆಳೆದು ಕಾರವಾರದ ಸಂತೆಗೆ ಒಯ್ಯುತ್ತಿದ್ದವಳು... ಈಗ ಕುಡಿಯುವ ನೀರನ್ನೂ ಹೆದ್ದಾರಿ ದಾಟಿ ಹೊರುತ್ತಾಳೆ.

ಮಣ್ಣಿನ ಸಂದುಗಳಲ್ಲಿ ನೀರು ಹೇಗೆ ಹರಿಯುತ್ತದೆ, ಉಪ್ಪು ಎಂದು ತೊಳೆದುಹೋಗುತ್ತದೆ — ನನ್ನ ಪಿಎಚ್‌ಡಿ ಕಂಪ್ಯೂಟರ್ ಮಾಡೆಲ್ ಲೆಕ್ಕ ಹಾಕುವುದು ಇದನ್ನೇ. ಸೋಡಿಯಂ ಅಳೆದು ಓಡಿಸಿದ್ದೆ. ಉತ್ತರ: ಹನ್ನೊಂದು ವರ್ಷ. ಡಿಸೆಂಬರಿನಲ್ಲಿ ಪಂಚಾಯಿತಿಗೆ ಹಾಗೆ ಬರೆದುಕೊಟ್ಟವಳೂ ನಾನೇ. 27ಕ್ಕೆ ಸಭೆ. ಬಾವಿ ಮುಚ್ಚುವ ಠರಾವು.

ಜನವರಿ 19
ದುರ್ಗಿ ಅದೇ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ತುಂಬ ನೊರೆ.

"ಹೋದ್ ವರ್ಷ ಎಷ್ಟು ಉಜ್ಜಿದ್ರೂ ನೊರೆ ಬತ್ತಿರ್ಲಿಲ್ಲ ಅಕ್ಕೋರೆ. ಈಗ ಕಾಣಿ, ತೊಳೆದ್ರೂ ಹೋಗೂದೇ ಇಲ್ಲ."

ನಿಂತಲ್ಲೇ ನಿಂತೆ. ನೊರೆ ಬಂತೆಂದರೆ ನೀರಿನ ಸುಣ್ಣದಂಶ ಇಳಿದಿದೆ. ಎಲ್ಲಿ ಹೋಯಿತು? ಜೇಡಿಮಣ್ಣು ಹಿಡಿದುಕೊಂಡಿತು! ಅದನ್ನು ಹಿಡಿದು, ಹಿಂದೆ ಹೀರಿದ್ದ ಸೋಡಿಯಂ ಬಿಡುತ್ತಿದೆ. ನಾನು ಅಳೆದದ್ದು ಮಣ್ಣು ಬಿಟ್ಟ ಈ ಸೋಡಿಯಂ. ಸಮುದ್ರದ ನೀರು ಆಗಲೇ ಹೊರಟಿದೆ! ಉಪ್ಪಿನ ಇನ್ನೊಂದು ಅಂಶ ಕ್ಲೋರೈಡ್ ಮಣ್ಣಿಗೆ ಅಂಟುವುದಿಲ್ಲ; ಅದರ ಇಳಿಯುತ್ತಿದ್ದ ಅಂಕಿಗಳನ್ನು ಕೈತಪ್ಪು ಎಂದು ಬದಿಗಿಟ್ಟಿದ್ದೆನಲ್ಲ... ಮೂರ್ಖಳು.

"ಎಂತ ಆಯ್ತು ಅಕ್ಕೋರೆ?"

ಬಾಟಲಿಗೆ ನೀರು ತುಂಬಿಕೊಂಡು ಸ್ಕೂಟಿ ಹತ್ತಿದೆ.

ಜನವರಿ 21
ಮಣ್ಣಿನ ಈ ಕೊಡು-ಕೊಳ್ಳುವಿಕೆ ಸೇರಿಸಿ ಓಡಿಸಿದೆ. ಗ್ರಾಫಿನಲ್ಲಿ ಮಾಡೆಲ್‌ನ ಗೆರೆ ನಾನು ಅಳೆದ ಎಲ್ಲ ಚುಕ್ಕೆಗಳ ಮೇಲೂ ಹಾಯಿತು. ಎಲ್ಲ! ಎದ್ದೆ, ಕೂತೆ, ಮತ್ತೆ ನೋಡಿದೆ. ಹನ್ನೊಂದು ವರ್ಷ ಬೇಡ. ಇದೊಂದು ಮಳೆಗಾಲ ಸಾಕು. ಚೌತಿಗೆ ಕ್ಲೋರೈಡ್ ಲೀಟರಿಗೆ 230 ಮಿಲಿಗ್ರಾಂ, ಕುಡಿಯುವ ಮಿತಿಗಿಂತ ಕೆಳಗೆ.

ಆದರೆ ಸಭೆಯಲ್ಲಿ ನಿಂತು ತಪ್ಪಾಯಿತು ಎನ್ನಬೇಕು. ಆದರೂ ನಗು ತಡೆಯಲಾಗುತ್ತಿಲ್ಲ.

ಜನವರಿ 27
ಹೇಳಿದೆ. ಮೆಂಬರ್ ಹರಿಶ್ಚಂದ್ರರು ಕನ್ನಡಕ ತೆಗೆದರು.

"ಹೋದ್ ತಿಂಗ್ಳು ಹನ್ನೊಂದ್ ವರ್ಷ, ಈ ತಿಂಗ್ಳು ಚೌತಿ. ಮುಂದಿನ್ ತಿಂಗ್ಳು ಎಂತ ಹೇಳ್ತ್ರಿ?"

ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ಹಿಂದಿನಿಂದ ದುರ್ಗಿ ಎದ್ದಳು.

"ತಪ್ಪಾಯ್ತು ಅಂತ ತಾವೇ ಬಂದು ಹೇಳಿದವ್ರು ಇಲ್ಲಿ ಯಾರಿದ್ರು? ಚೌತಿ ತನ್ಕ ಬಿಡಿ. ಆಮೇಲೆ ಮುಚ್ಚೂದಾದ್ರೆ ಮಣ್ಣು ನಾನೇ ಹೊರ್ತೆ."

ಚೌತಿ ತನಕ. ಸಿಕ್ಕಿತು!

ಜುಲೈ 6
ಬಿಡದ ಮಳೆ. ಈ ಹೊತ್ತಿಗೆ ಕ್ಲೋರೈಡ್ 550 ಎಂದು ಮಾಡೆಲ್ ಹೇಳಿತ್ತು. ಬಂದದ್ದು 610. ಮತ್ತೊಮ್ಮೆ ಅಳೆದೆ, ಅದೇ.

ಆಗಸ್ಟ್ 26, ಬಾವಿಕಟ್ಟೆ
ನಾಳೆ ಚೌತಿ. ಕ್ಲೋರೈಡ್ ಅಳೆಯುವ ಟೈಟ್ರೇಶನ್ ಕಿಟ್ ಇಲ್ಲಿಗೇ ತಂದೆ. ಹರಿಶ್ಚಂದ್ರರೂ ಬಂದು ನಿಂತರು. ಮೂರು ಸಲ ಮಾಡಿದೆ. 238. 236. 238. ಕುಡಿಯುವ ನೀರಿಗೆ ಮಿತಿ 250!

ಹರಿಶ್ಚಂದ್ರರಿಗೆ ಚೀಟಿ ತೋರಿಸಿದೆ. ಅವರು ನೋಡಲಿಲ್ಲ. ಕೊಡಪಾನದಿಂದ ಬೊಗಸೆಗೆ ನೀರು ಹಾಕಿಕೊಂಡು ಕುಡಿದರು. ಇನ್ನೊಂದು ಬೊಗಸೆ.

"ಮುಚ್ಚೂದ್ ಬೇಡ."

ದುರ್ಗಿ ಕೊಡ ತುಂಬಿ ಸೊಂಟಕ್ಕಿಟ್ಟು ಒಳಗೆ ಹೋದಳು. ಬರೆಯುತ್ತಿದ್ದೇನೆ. ಒಳಗಿಂದ ಕೂಗು —

"ಅಕ್ಕೋರೆ, ಬರೆದದ್ ಸಾಕು! ಬಾವಿ ನೀರಿನ್ ಚಾ, ತಣೀತದೆ!"

"ಬಂದೆ, ಒಂದೇ ಸಾಲು!" ಆ ಸಾಲು: ದುರ್ಗಿಯ ಬಾವಿಗೆ ಒಂದೇ ಮಳೆಗಾಲ.