ಮೋಡವಿಲ್ಲದ ಮಧ್ಯಾಹ್ನ

ಫೆಬ್ರವರಿ ೧೨, ಗುರುವಾರ

ಇದನ್ನು ಯಾರಿಗೂ ಹೇಳಿಲ್ಲ: ಮೋಡ ಕವಿದ ದಿನ ನನಗೆ ಒಳಗೊಳಗೇ ಖುಷಿ. ಸೂರ್ಯ ಕಾಣದಿದ್ದರೆ ನಮ್ಮ ಯಂತ್ರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯಲಾರದು, ನನಗೆ ಅದಕ್ಕೆ ಬಿಸಿಲು ಹಾಯಿಸುವ ತಾರಸಿಯ ಮೇಲಿನ ಕನ್ನಡಿ ಒರೆಸುವ ಕೆಲಸವೂ ಇರುವುದಿಲ್ಲ.

ಇವತ್ತು ಮೋಡವಿರಲಿಲ್ಲ. ಇದೇ ಅನಿಲವನ್ನು ಮೇಲಿನಿಂದ ಅಳೆಯುವ ಉಪಗ್ರಹ ಹಾದುಹೋಗುವಾಗ ನಾನು ತಾರಸಿಯ ಮೇಲೇ ಇದ್ದೆ, ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಅದರ ಲೆಕ್ಕವನ್ನು ನಮ್ಮದರೊಂದಿಗೆ ತಾಳೆ ನೋಡುವುದೇ ಈ ಕೇಂದ್ರದ ಕೆಲಸ. ಆದರೂ ನಮ್ಮ ಲೆಕ್ಕ ಅದರದಕ್ಕಿಂತ ಹೆಚ್ಚು ಬಂತು. ಹತ್ತಿರದ ವಿದ್ಯುತ್ ಸ್ಥಾವರದ ಹೊಗೆ ನಮ್ಮ ಕಡೆಗೇ ಬರುತ್ತಿತ್ತು. ಉಪಗ್ರಹ ಊರಗಲದ ಸರಾಸರಿ ನೋಡುತ್ತದೆ, ನಮ್ಮ ಕನ್ನಡಿ ನೋಡುವುದು ಸೂರ್ಯನ ಕಡೆಗಿನ ಒಂದೇ ಗೆರೆಯನ್ನು. ಇದನ್ನು ನನಗೆ ಕಲಿಸಿದ್ದೇ ಕೇಂದ್ರ ನಡೆಸುವ ಮೇಡಂ. ಇವತ್ತು ಅವರೇ ದಾಖಲೆ ಪುಸ್ತಕವನ್ನು ನನ್ನ ಮುಂದಿಟ್ಟರು.

"ತೆಳು ಮೋಡ ಇತ್ತು ಅಂತ ಬರಿಯೋ. ಈ ದಿನಾನೇ ಲೆಕ್ಕದಿಂದ ಬಿಟ್ಟುಬಿಡಬಹುದು."

"ಇರ್ಲಿಲ್ಲ ಮೇಡಂ."

"ಒಂದು ಮೋಡಕ್ಕೆ ನಿನ್ನ ಗಂಟೇನು ಹೋಗುತ್ತೋ? ನಮ್ದೂ ಉಪಗ್ರಹದ್ದೂ ತಾಳೆಯಾಗದಿದ್ರೆ ಈ ಕೇಂದ್ರ ಮುಚ್ತಾರೆ. ನಿನ್ನ ಕೆಲಸಾನೂ ಹೋಗುತ್ತೆ, ನಂದೂ."

"ಗೊತ್ತು. ಆದ್ರೂ ಇರ್ಲಿಲ್ಲ."

ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಹಾಗಾದ್ರೆ ಬೇರೆಯವರನ್ನ ನೋಡ್ಕೋತೀನಿ" ಎಂದರು. ಅವರಿಗೆ ಕೋಪವಿರಲಿಲ್ಲ. ನನಗೂ ಬರಲಿಲ್ಲ. ಕೈ ಮಾತ್ರ ಒರೆಸುವ ಬಟ್ಟೆಯನ್ನು ಮಡಚುತ್ತಲೇ ಇತ್ತು.

ಅಕ್ಕನಿಗೆ ಫೋನ್ ಮಾಡಿ ಕೆಲಸ ಹೋಯಿತೆಂದೆ. "ಸ್ಕೂಲ್ ಬಿಟ್ಟಾಗಲೂ ಹೀಗೇ ವಾದ ಮಾಡ್ದೆ. ಬಾ, ಊಟ ಆದ್ಮೇಲೆ ಬೈತೀನಿ" ಎಂದಳು. ನಗು ಬರಬೇಕಿತ್ತು. ಏನೂ ಬರಲಿಲ್ಲ.

ಚೀಲ ತುಂಬಿದ್ದೇನೆ, ಹೆಚ್ಚೇನಿಲ್ಲ. ಮೇಡಂ ಕೆಟ್ಟವರೆಂದು ಬರೆಯಲು ಹೊರಟೆ, ಅದೂ ನಿಜವಲ್ಲ. ನಾಳೆ ಬೆಳಗಿನ ಬಸ್ಸಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ.